ಆರು ಮೈಲಿಗೇ ಸುಸ್ತಾಗುವ ಕಾರು

ಕಾರು ಮಾರಿಬಿಡಿ ಎಂದು ಹಟ ಹಿಡಿದವಳು ನಾನೇ. ಸುಳ್ಳು ಯಾಕೆ ಹೇಳಲಿ? ಎಪ್ಪತ್ತೆಂಟನೇ ಇಸವಿಯಲ್ಲಿ ಆರು ತಿಂಗಳು ಅದು ನನ್ನ ಪ್ರಾಣ ತಿಂದಿತ್ತು. ಹೊನ್ನಾಳಿ ಬಿಟ್ಟು ಆರೇಳು ಮೈಲಿ ಚೆನ್ನಾಗಿಯೇ ಓಡುತ್ತಿತ್ತು. ಆಮೇಲೆ ಎಳೆತ ಕಡಿಮೆಯಾಗಿ, ಜಗ್ಗಾಡಿ, ನಡುರಸ್ತೆಯಲ್ಲಿ ನಿಂತುಬಿಡುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಏನೂ ಆಗೇ ಇಲ್ಲವೆಂಬ ಹಾಗೆ ಹೊರಡುತ್ತಿತ್ತು. ಬಾಡಿಗೆಗೆ ಹತ್ತಿದವರು ಗೊಣಗುತ್ತಾ ಇಳಿದು ಬಸ್ಸಿಗೆ ಕೈ ಅಡ್ಡ ಹಾಕುವಾಗ ನಮ್ಮ ಯಜಮಾನರು ಕಲ್ಲೇಶಪ್ಪನವರ ಮುಖ ಇಷ್ಟು ಸಣ್ಣದಾಗುತ್ತಿತ್ತು. ಆ ಮುಖ ನೋಡಲಾರದೆ, ಕಾರು ಕೊಳ್ಳಲು ಬನ್ನಿ ಎಂದು ಐವತ್ತು ಮೈಲಿ ದೂರದ ಜಗಳೂರಿನ ಬೀರಲಿಂಗಪ್ಪನವರಿಗೆ ಹೇಳಿಕಳಿಸಿದ್ದೆ.

ಅವರು ಬರುವ ದಿನ ಬೆಳಿಗ್ಗೆ ಯಜಮಾನರು, "ಕೊನೇ ಸಲ ಅಮೀರ್‌ಜಾನ್‌ಗೆ ತೋರಿಸ್ತೀನಿ ಕಣೇ," ಎಂದರು. ಹದಿನೆಂಟು ವರ್ಷ ಆ ಸ್ಟೇರಿಂಗ್ ಹಿಡಿದವರು ನಮ್ಮ ಯಜಮಾನರು. ಬೇಡ ಅನ್ನಲು ಬಾಯಿ ಬರಲಿಲ್ಲ.

ಆದರೆ ಮೆಕ್ಯಾನಿಕ್ ಅಮೀರ್‌ಜಾನ್‌ನನ್ನು ಕಂಡ ಕೂಡಲೇ ಬಾಯಿ ಬಂತು. "ಏನ್ ಸಾಬ್ರೇ, ಪ್ಲಗ್ ಅಂದ್ರಿ, ಕಾರ್ಬೊರೇಟರ್ ಅಂದ್ರಿ, ಪಂಪು ಅಂದ್ರಿ. ಬಿಚ್ಚಾಕೆ ಅಷ್ಟೇ ಬರೋದಾ ನಿಮಗೆ?" ಎಂದು ಬೀದಿಯವರೆಲ್ಲ ತಿರುಗಿ ನೋಡುವಂತೆ ಕೂಗಾಡಿದೆ.

ಆತ ಸಿಟ್ಟಾಗಲಿಲ್ಲ. "ಶೆಡ್ಡಿನಾಗೆ ಅದು ಸರಿಯಾಗೇ ಐತೆ ಅಕ್ಕಾರೆ. ಕೈಕೊಡೋವಾಗ ನಾನೂ ಅದರೊಳಗೆ ಇರ್ಬೇಕು. ನಡೀರಿ, ನ್ಯಾಮತಿ ಕಡೆ ಹೋಗಾನ."

ಮೂವರೂ ಹೊರಟೆವು. ಆರನೇ ಮೈಲಿ ದಾಟಿದ್ದೇ ತಡ, ಕಾರು ಜಗ್ಗಾಡಿ ನಿಂತಿತು. ಯಜಮಾನರು ಇಳಿದು ಸೀದಾ ಹಿಂದೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿದರು.

"ತಡೀರಿ ಅಣ್ಣಾರೆ! ನಿಂತಾಗೆಲ್ಲ ಹಿಂಗೇ ಮುಚ್ಚಳ ತೆಗೀತೀರಾ?"

"ಮತ್ತೆ? ಪೆಟ್ರೋಲ್ ಐತೋ ಇಲ್ವೋ ನೋಡಬ್ಯಾಡ್ವಾ?"

"ಇವತ್ತು ಮುಟ್ಟಬ್ಯಾಡ್ರಿ."

ಹತ್ತು ನಿಮಿಷ ಕಾದೆವು. ಏನು ಮಾಡಿದರೂ ಸ್ಟಾರ್ಟ್ ಆಗಲಿಲ್ಲ. ಆಗ ಅಮೀರ್‌ಜಾನ್ ಮುಚ್ಚಳ ತಿರುಗಿಸಿದ. ಸುಯ್ ಎಂದು ಟ್ಯಾಂಕು ಗಾಳಿ ಒಳಗೆಳೆದುಕೊಂಡಿತು. ಕೀ ತಿರುಗಿಸಿದರೆ, ಅಯ್ಯೋ ಶಿವನೇ, ಎರಡನೇ ಸಲಕ್ಕೇ ಎಂಜಿನ್ ಹತ್ತಿಕೊಂಡಿತು!

"ಗಾಳಿ ಆಡಾಕೆ ಮುಚ್ಚಳದಾಗೆ ಒಂದು ಸಣ್ಣ ತೂತು ಇರ್ತೈತೆ. ಅದು ಕಟ್ಟೈತೆ. ಪೆಟ್ರೋಲ್ ಕಮ್ಮಿ ಆದಂಗೆ ಆ ಜಾಗಕ್ಕೆ ಗಾಳಿ ಬರ್ಲಿಲ್ಲ ಅಂದ್ರೆ ಪಂಪು ಎಷ್ಟು ಎಳೆದ್ರೂ ಪೆಟ್ರೋಲ್ ಬರಲ್ಲ," ಎನ್ನುತ್ತಾ ಆತ ಪಿನ್ನಿನಿಂದ ಕೆರೆದ. ಬಿಳಿ ಪುಡಿ ಉದುರಿತು. ಒಮ್ಮೆ ಪುಡಿ ನೋಡಿದ, ಒಮ್ಮೆ ನನ್ನನ್ನು ನೋಡಿದ. "ಏನಿಲ್ಲ, ಧೂಳು," ಎಂದುಬಿಟ್ಟ.

ಎಂಥ ಧೂಳು! ನನ್ನದೇ ವಿಭೂತಿ. ಸೋಮವಾರ ಸೋಮವಾರ ಬಾನೆಟ್ಟಿಗೆ, ಗಾಲಿಗಳಿಗೆ ವಿಭೂತಿ ಕಲಸಿ ಹಚ್ಚುತ್ತಿದ್ದವಳು, ಪೆಟ್ರೋಲ್ ಕುಡಿಯುವ ಬಾಯಿಗೂ ಇರಲಿ ಎಂದು ಮುಚ್ಚಳಕ್ಕೂ ಬಳಿಯಲು ಶುರುಮಾಡಿದ್ದೆ. ಕಾರು ನಿಲ್ಲತೊಡಗಿದ ಮೇಲೆ ಇನ್ನಷ್ಟು ದಪ್ಪ ಬಳಿದೆ. ಮೇಲಿನದು ಅಳಿಸಿ ಹೋದರೂ ತೂತಿನೊಳಗಿನದು ಕಲ್ಲಾಗಿತ್ತು.

ಸುಮ್ಮನಿದ್ದರೆ ನನ್ನ ಮಾನ ಉಳಿಯುತ್ತಿತ್ತು. ಆದರೆ ನಾನು ಬೈದವನೇ ನನ್ನ ಮಾನ ಕಾಯುತ್ತಿದ್ದಾನಲ್ಲ! ತಡೆಯಲಾಗಲಿಲ್ಲ. "ಧೂಳೂ ಅಲ್ಲ ಮಣ್ಣೂ ಅಲ್ಲ ರೀ! ವಿಭೂತಿ. ಬಳಿದೋಳು ನಾನೇ. ಸಾಬ್ರೇ, ತಪ್ಪಾಯ್ತು," ಎಂದೆ.

ಯಜಮಾನರು ನನ್ನನ್ನೇ ನೋಡಿದರು. ಆಮೇಲೆ ಬಾಗಿಲು ಹಿಡಿದುಕೊಂಡು ನಗಲು ಶುರುಮಾಡಿದರು ನೋಡಿ, ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ. ನ್ಯಾಮತಿಯಲ್ಲಿ ಚಹಾ ಕುಡಿದು ವಾಪಸು ಬಂದೆವು. ದಾರಿಯಲ್ಲಿ ಕಾರು ಒಂದು ಸಲವೂ ಜಗ್ಗಾಡಲಿಲ್ಲ.

ಬೀರಲಿಂಗಪ್ಪನವರು ಜಗಲಿ ಮೇಲೆ ಕೂತಿದ್ದರು. ಕರೆಸಿದವಳು ನಾನು, ನಾನೇ ಹೇಳಬೇಕಲ್ಲ. "ಕಾರು ಕೊಡಲ್ಲ ಸ್ವಾಮಿ. ನಿಮ್ಮನ್ನ ಸುಮ್ನೆ ತಿರುಗಾಡಿಸಿದೆ. ಉಂಡು ಹೋಗ್ರಿ," ಎಂದೆ.

ಅವರು ಗೊಣಗುತ್ತಲೇ ಉಂಡರು. ಎದ್ದು ಟವೆಲ್ ಕೊಡವಿ, "ಬಸ್‌ಸ್ಟಾಂಡಿಗಾದ್ರೂ ಬಿಡ್ತೀರೇನ್ರಿ?" ಎಂದರು.

"ಬಸ್‌ಸ್ಟಾಂಡ್ ಯಾಕ್ರೀ?" ಯಜಮಾನರು ಆಗಲೇ ಬಾಗಿಲು ತೆಗೆದಿದ್ದರು. "ಜಗಳೂರಿಗೇ ಬಿಡ್ತೀನಿ, ಹತ್ರಿ!"

ನಾನೂ ಮನೆಗೆ ಬೀಗ ಹಾಕಿ ಹತ್ತಿ ಕೂತೆ.