ಯೂರಿಯಾ ಬೀಳದ ಜಾಗ

“ಅಮ್ಮಾ, ಆ ಮೂಲೆ ಒಂದನ್ನ ಬಿಟ್ಟು ಉಳಿದಿದ್ದೆಲ್ಲಾ ಮಷಿನ್ ಹಾಕಿ ಮೋ ಮಾಡಿದ್ರೆ ಪಾಯಿಂಟೇ ಇಲ್ಲ. ಈ ಕಳೆ, ವೀಡ್ಸ್ ಎಲ್ಲಾ ಬರ್ತಿರೋದೇ ಅಲ್ಲಿಂದ.”

ಮಗಳು ಜಾನ್ವಿ ಹೀಗಂದಾಗ ಕಾಶಿಬಾಯಿ ಹಿತ್ತಲ ಮೆಟ್ಟಿಲ ಮೇಲೆ ಕೂತು ಪ್ಯಾಂಟಿನ ತುದಿಯನ್ನು ಸಾಕ್ಸಿನೊಳಗೆ ತುರುಕುತ್ತಿದ್ದಳು. ಜೂನ್ ತಿಂಗಳು, ಹುಲ್ಲಿಗೆ ಬರಿಗಾಲಿಟ್ಟರೆ ಉಣ್ಣಿ ಹತ್ತದೆ ಬಿಡುವುದಿಲ್ಲ.

“ಬರಲಿ ಬಿಡು. ಅವೂ ಜೀವಾನ ಅಲ್ಲೇನು?”

“ಅದು ಥಿಸಲ್ ಅಮ್ಮಾ, ಮುಳ್ಳು! ಜೀವ ಅಂತೆ. ಬೀಜ ಹಾರಿದ್ರೆ ಮುಂದಿನ ವರ್ಷ ಕ್ಲೋವರೇ ಇರಲ್ಲ. ಪಪ್ಪನ ಜಿಂಕೆಗಳು ಏನು ತಿನ್ಬೇಕು, ಥಿಸಲ್ ಸಲಾಡ್?”

“ಏನರೆ ತಿನ್ನಲಿ. ಆ ಮೂಲಿಗೆ ಮಷಿನ್ ಹೋಗಂಗಿಲ್ಲ.”

ಮಾತು ಮುಗಿಯಿತು ಎನ್ನುವ ಹಾಗೆ ಅವಳು ಎರಡನೆಯ ಸಾಕ್ಸನ್ನು ಎಳೆದುಕೊಂಡಳು. ಜಾನ್ವಿ ತಾನಿರುವ ಮಾನ್ಮತ್ ಜಂಕ್ಷನ್ ಊರಿನಿಂದ ಶನಿವಾರ ಬೆಳಿಗ್ಗೆಯೇ ಡ್ರೈವ್ ಮಾಡಿಕೊಂಡು ಬಂದಿದ್ದು ಈ ಹುಲ್ಲು ಕತ್ತರಿಸುವ ಕೆಲಸಕ್ಕೇ. ಕಾರಿನ ಡಿಕ್ಕಿಯಲ್ಲಿ ಗೊಬ್ಬರದ ಚೀಲ ಬೇರೆ ಇತ್ತು.

ಹಿತ್ತಲ ಆಚೆಗಿನ ಆ ಅರ್ಧ ಎಕರೆ ಅವಳ ಗಂಡ ಅಮರೇಶ್ವರರ ಹುಚ್ಚು. ಈ ಪರದೇಶಕ್ಕೆ ಬಂದು, ದಿನಾ ಕೆಲಸಕ್ಕೆ ಹೋಗಿಬರುವಾಗ ಸೀಕಾಕಸ್ ಸ್ಟೇಷನ್ನಿನಲ್ಲಿ ರೈಲು ಬದಲಿಸುತ್ತ ಬದಲಿಸುತ್ತಲೇ ತಲೆ ಬೆಳ್ಳಗಾದ ಮನುಷ್ಯ, ರಿಟೈರ್ ಆದದ್ದೇ ತಡ, ಸಮರ್‌ಸೆಟ್‌ನ ಟೌನ್‌ಹೌಸ್ ಮಾರಿ ಹೆಂಡತಿಯನ್ನು ಕರೆದುಕೊಂಡು ಈ ಕಾಡಂಚಿಗೆ ಬಂದುಬಿಟ್ಟರು. ಸುತ್ತಲಿನವರೆಲ್ಲ ಜಿಂಕೆ ಬಾರದಿರಲೆಂದು ಬೇಲಿ ಕಟ್ಟಿದರೆ ಇವರು ಬರಲೆಂದು ಕ್ಲೋವರ್ ಎಂಬ ಮೂರೆಲೆಯ ಮೇವು ಬಿತ್ತಿದರು. ವಿಜಯಪುರದ ಕಡೆಯ ಎರಿಹೊಲದಲ್ಲಿ ಇವರ ಅಪ್ಪ ಜೋಳಕ್ಕೆ ಬೀಳುವ ಚಿಗರಿಗಳನ್ನು ಕವಣಿ ಬೀಸಿ ಓಡಿಸುತ್ತಿದ್ದವರು. ಅದಕ್ಕೋ ಏನೋ, ಇಲ್ಲಿಯ ಜಿಂಕೆಯೂ ಇವರ ಬಾಯಲ್ಲಿ ಚಿಗರಿಯೇ. “ನಮ್ಮಪ್ಪ ಓಡಿಸಿದ್ದನ್ನ ನಾ ಕರೀತೀನಿ, ಕಾಶಿ. ನಾ ಬೆಳದಿದ್ದನ್ನ ಒಂದರೆ ಚಿಗರಿ ನನ್ನ ಮಗ್ಗಲದಾಗ ನಿಂತು ತಿನಬೇಕು ನೋಡು” ಎನ್ನುತ್ತಿದ್ದರು. ಅವು ಬರುತ್ತಿದ್ದವು, ತಿನ್ನುತ್ತಿದ್ದವು. ಇವರು ಒಂದು ಹೆಜ್ಜೆ ಇಟ್ಟರೆ ಬಾಲದ ಬಿಳುಪು ತೋರಿಸಿ ಕಾಡಿಗೆ ಹಾರುತ್ತಿದ್ದವು.

ಕ್ಲೋವರಿಗೆ ಯೂರಿಯಾ ಬೇಡ, ಸಾರಜನಕವನ್ನು ಅದು ಗಾಳಿಯಿಂದ ತಾನೇ ಮಾಡಿಕೊಳ್ಳುತ್ತದೆ, ಯೂರಿಯಾ ಎರಚಿದರೆ ಕಳೆಗೆ ಹಬ್ಬ ಅಷ್ಟೇ ಎಂದು ಜಾನ್ವಿ ಎಷ್ಟು ಸಲ ಹೇಳಿದ್ದಳೋ. “ಶೇಂಗಾಕ್ಕೂ ಹಂಗ ಅಂತಾರವ್ವಾ. ಯೂರಿಯಾ ಒಗೀಲಾರದ ಯಾವ ಬೆಳಿ ಎದ್ದದ?” ಎಂದು ನಕ್ಕುಬಿಡುತ್ತಿದ್ದರು. ಹೋದ ವರ್ಷ ಮಗಳ ಕಣ್ಣು ತಪ್ಪಿಸಿ ಒಂದು ಚೀಲ ತಂದು, ಹೆಗಲ ಮೇಲೆ ಹೊತ್ತು ಹೊರಟವರು ಆ ಮೂಲೆಯಲ್ಲಿ ಬಿದ್ದರು. ಹೃದಯ ನಿಂತಿತ್ತು. ಚೀಲ ಒಡೆದು ಬಿಳಿ ಕಾಳು ಅವರ ಸುತ್ತ ಚೆಲ್ಲಿತ್ತು.

ಆಮೇಲಿನದನ್ನು ಕಾಶಿಬಾಯಿ ಯಾರಿಗೂ ಹೇಳಿರಲಿಲ್ಲ.

ಅಷ್ಟು ಯೂರಿಯಾ ಒಂದೇ ಕಡೆ ಬಿದ್ದದ್ದಕ್ಕೆ ಸುತ್ತಲಿನ ಕ್ಲೋವರ್ ಸುಟ್ಟು ಕರಕಲಾಯಿತು. ಅವರ ಮೈ ಮುಚ್ಚಿದ್ದ ಜಾಗ ಮಾತ್ರ ಹಸಿರಾಗಿ ಉಳಿಯಿತು. ಬಲಮಗ್ಗುಲಾಗಿ, ಒಂದು ಮೊಣಕಾಲು ಮಡಚಿ, ತೋಳು ತಲೆಗಿಟ್ಟುಕೊಂಡ ಹಸಿರು. ಮಂಚದ ಮೇಲೂ ಅವರು ಹಾಗೇ ಮಲಗುತ್ತಿದ್ದದ್ದು. ಈ ವರ್ಷ ಸುಟ್ಟ ಜಾಗದಲ್ಲಿ ಉಳಿದ ಯೂರಿಯಾ ಉಂಡು ಕಪ್ಪುಹಸಿರು ಹುಲ್ಲು, ಮುಳ್ಳು ಸೊಂಟದೆತ್ತರ ಎದ್ದು ಗೋಡೆಯಾಗಿತ್ತು. ಅದನ್ನು ಸರಿಸಿ ಬಗ್ಗಿ ನೋಡಿದರೆ ಒಳಗೆ, ನೆಲಮಟ್ಟದಲ್ಲಿ, ಮೈತುಂಬ ಬಿಳಿ ಹೂವು ಹೊದ್ದು ಅವರು.

ದಿನಾ ಸಂಜೆ ಎರಡು ಕಪ್ ಚಹಾ ಹಿಡಿದು ಅಲ್ಲಿ ಹೋಗಿ ಕೂರುವುದು ಅವಳ ರೂಢಿಯಾಯಿತು. ಹೊತ್ತು ಮುಳುಗುವಾಗ ಕ್ಲೋವರ್ ಎಲೆಗಳು ಒಂದೊಂದಾಗಿ ಮಡಚಿಕೊಳ್ಳುತ್ತವೆ; ಯಾರೋ ಹೊದಿಕೆ ಎಳೆದುಕೊಂಡ ಹಾಗೆ. ಗಾಳಿಯಿಲ್ಲದ ಒಂದು ಸಂಜೆ ಎದೆಯ ಜಾಗದ ಹೂವುಗಳು ಮೆಲ್ಲಗೆ ಎದ್ದು ಇಳಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅದಕ್ಕಿಂತ ಹೆಚ್ಚಿನದು ಬೆನ್ನ ಹಿಂದಿನ ನೋಟ. ಕೂತು ಸ್ವಲ್ಪ ಹೊತ್ತಿಗೆಲ್ಲ ಕುತ್ತಿಗೆಯ ಮೇಲೆ ಯಾರದೋ ಕಣ್ಣು ನಾಟಿದಂತಾಗುತ್ತಿತ್ತು. ತಿರುಗಿದರೆ ಯಾರೂ ಇಲ್ಲ, ಕಾಡು ಕಪ್ಪಗೆ ನಿಂತಿರುತ್ತಿತ್ತು. ಜಿಂಕೆಗಳು ಬರುವುದನ್ನು ಬಿಟ್ಟದ್ದೂ ಆಗಲೇ. ಅವರು ಅಲ್ಲಿದ್ದಾರೆಂದು ಮೂಕಪ್ರಾಣಿಗಳಿಗೂ ಗೊತ್ತಾಗಿದೆ ಎಂದುಕೊಂಡಿದ್ದಳು.

“ಯಾಕೆ ಮಷಿನ್ ಹೋಗಲ್ಲ? ರೀಸನ್ ಹೇಳು” ಎಂದಳು ಜಾನ್ವಿ.

ಕಾಶಿಬಾಯಿ ತಲೆ ಎತ್ತಲಿಲ್ಲ. “ನಿಮ್ಮ ಪಪ್ಪಾ ಅಲ್ಲಿ ಮಲ್ಕೊಂಡಾರ.”

ನಗಬಹುದು, ಡಾಕ್ಟರ ಹತ್ತಿರ ಹೋಗೋಣ ಅನ್ನಬಹುದು ಎಂದು ಅವಳು ಕಾದಳು. ಜಾನ್ವಿ ನಗಲಿಲ್ಲ. ಪಕ್ಕಕ್ಕೆ ಬಂದು ಕೂತು ಫೋನ್ ತೆಗೆದಳು.

“ಪಪ್ಪಾ ಮರಕ್ಕೆ ಕ್ಯಾಮೆರಾ ಕಟ್ಟಿದ್ರಲ್ಲ, ಜಿಂಕೆ ನೋಡೋಕೆ? ಅದು ಇನ್ನೂ ನನ್ನ ಫೋನಿಗೆ ಫೋಟೋ ಕಳಿಸತ್ತೆ. ಕ್ಯಾನ್ಸಲ್ ಮಾಡೋಕೆ ಮನಸ್ಸೇ ಬರ್ಲಿಲ್ಲ. ನೋಡು.”

ಬೂದುಬಣ್ಣದ ಚಿತ್ರ. ಮುಳ್ಳಿನ ಅಂಚಿನಲ್ಲಿ ಕೂದಲು ಕೆದರಿದ, ಬೆಳ್ಳನೆಯ ಒಂದು ಆಕಾರ ಕೂತಿತ್ತು. ಕಾಶಿಬಾಯಿ ಫೋನಿನಿಂದ ಹಿಂದೆ ಸರಿದಳು.

“ಯವ್ವಾ! ಯಾರಿಕಿ ಮುದುಕಿ? ದೆವ್ವ ಇದ್ದಂಗ ಅದಾಳಲ್ಲ!”

“ಅಮ್ಮಾ, ಅದು ನೀನು.”

ಕನ್ನಡಕ ಸರಿಮಾಡಿಕೊಂಡು ನೋಡಿದಳು. ಹೌದು, ತನ್ನದೇ ಸ್ವೆಟರು. ಕಾಲ ಬಳಿ ಎರಡು ಕಪ್ಪು. ಜಾನ್ವಿ ಬೆರಳಿಂದ ಚಿತ್ರವನ್ನು ದೊಡ್ಡದು ಮಾಡಿ ಹಿಂದಕ್ಕೆ ಸರಿಸಿದಳು. ಬೆನ್ನ ಹಿಂದೆ, ಮರಗಳ ಸಂದಿಯಲ್ಲಿ, ದೀಪ ಹಚ್ಚಿಟ್ಟಂಥ ಕಣ್ಣುಗಳು. ಜಿಂಕೆಗಳು ಸಾಲಾಗಿ ನಿಂತು ಅವಳನ್ನೇ ನೋಡುತ್ತಿದ್ದವು. ಇನ್ನೊಂದು ಸಂಜೆ, ಮತ್ತೊಂದು ಸಂಜೆ. ಎಲ್ಲದರಲ್ಲೂ ಅದೇ ಮುದುಕಿ, ಅವೇ ಕಣ್ಣು.

“ಕಾಯ್ತಿವೆ, ಅಮ್ಮಾ. ನೀನು ಯಾವಾಗ ಎದ್ದು ಹೋಗ್ತೀಯಾ ಅಂತ.”

“ಹಂಗಾರ ಬೆನ್ನಾಗ ನೋಡ್ತಿದ್ದದ್ದು… ಅವರಲ್ಲ?”

“ಐ ಡೋಂಟ್ ನೋ ಅಮ್ಮಾ. ಫೋಟೋದಲ್ಲಿ ಇವು ಇವೆ ಅಷ್ಟೇ.”

ಕಾಶಿಬಾಯಿ ಫೋನನ್ನು ಕೈಗೆ ತೆಗೆದುಕೊಂಡು ಒಂದೊಂದೇ ಚಿತ್ರ ಸರಿಸಿದಳು. ಆಮೇಲೆ ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರೂ ಬಂತು. “ಈ ಹೊಲಕ್ಕ ಬಡದಿರೋ ದೆವ್ವ ನಾನಾ ಏನು ಹಂಗಾರ? ನೋಡು, ನಿಮ್ಮಜ್ಜ ಕವಣಿ ಹಿಡದು ಓಡಿಸ್ತಿದ್ದ, ನಾ ಚಾ ಹಿಡದು ಓಡಿಸೀನಿ.”

ಇಬ್ಬರೂ ಮೂಲೆಗೆ ನಡೆದರು. ಕಾಶಿಬಾಯಿ ಮುಳ್ಳನ್ನು ಕೋಲಿನಿಂದ ಸರಿಸಿ ಹಿಡಿದಳು. ಒಳಗೆ ಬಗ್ಗಿದ ಜಾನ್ವಿ ಬಾಯಿಗೆ ಕೈ ಅಡ್ಡ ಹಿಡಿದು ಅಲ್ಲೇ ಕುಕ್ಕರಿಸಿದಳು. ಕ್ಯಾಮೆರಾದ ಚಿತ್ರಗಳಲ್ಲೂ ಅವಳು ಇದನ್ನು ನೋಡಿರಲಿಲ್ಲ.

“ಪಪ್ಪನ ಮೊಣಕಾಲು” ಎಂದಳು ಸಣ್ಣಗೆ. “ಓ ಮೈ ಗಾಡ್, ಅಮ್ಮಾ. ಹಿ ಈಸ್ ರಿಯಲಿ ಸ್ಲೀಪಿಂಗ್.”

“ನಾ ಏನ್ ಸುಳ್ಳು ಹೇಳಿದ್ನೇನು?”

ಜಾನ್ವಿ ಮೂಗೊರೆಸಿಕೊಂಡು ಎದ್ದಳು. “ಬ್ಲೇಡನ್ನ ಫುಲ್ ಮೇಲಕ್ಕೆತ್ತಿದ್ರೆ ಮುಳ್ಳು, ಹುಲ್ಲು ಮಾತ್ರ ಹೋಗತ್ತೆ. ಕ್ಲೋವರ್ ಕೆಳಗೇ ಇದೆ, ಅದಕ್ಕೆ ತಗಲಲ್ಲ. ಪಪ್ಪಾ ಹೀಗೇ ಇರ್ತಾರೆ.”

“ಮುಳ್ಳು ಹೋದ್ರ ಅವು ಒಳಗ ಬಂದು ತಿಂತಾವಲ್ಲ?”

ಜಾನ್ವಿಗೆ ಸುಳ್ಳು ಹೇಳಲು ಬರುವುದಿಲ್ಲ. “ತಿಂತವೆ.”

ಮುಳ್ಳು ಇದ್ದರೆ ಅವರು ಉಳಿಯುತ್ತಾರೆ, ಬೆಳೆ ಸಾಯುತ್ತದೆ. ಮುಳ್ಳು ಹೋದರೆ ಬೆಳೆ ಉಳಿಯುತ್ತದೆ, ಅವರು ಜಿಂಕೆಯ ಬಾಯಿಗೆ. ಕಾಶಿಬಾಯಿ ಕೋಲು ಹಿಡಿದು ನಿಂತೇ ಇದ್ದಳು. ಮಗ್ಗಲದಾಗ ನಿಂತು ತಿನಬೇಕು ನೋಡು, ಅಂದಿದ್ದರಲ್ಲ. ಆಗ ಅದನ್ನು ತಮಾಷೆ ಎಂದುಕೊಂಡು ‘ನಿಮ್ಮ ಬಾಜೂಕ ನಾ ನಿಲ್ಲೋದು ಸಾಲದೇನು’ ಎಂದು ಅಣಕಿಸಿದ್ದಳು.

“ಮಷಿನ್ ನನ್ನ ಕೈಯಾಗ ಕೊಡು” ಎಂದಳು.

“ನಿನಗೆ ಬರಲ್ಲ ಅಮ್ಮಾ, ವೇಟ್ ಇದೆ.”

“ಮೂವತ್ತು ವರ್ಷ ನಿಮ್ಮ ಪಪ್ಪನ್ನ ದೂಡೀನಿ, ಇದೇನ್ ಮಹಾ.”

ಮಷಿನ್ ಮೊದಲು ಅವಳನ್ನೇ ಎಳೆದಾಡಿತು, ಆಮೇಲೆ ಹಿಡಿತಕ್ಕೆ ಬಂತು. ಮುಳ್ಳಿನ ತಲೆಗಳು ಪಟಪಟ ಉರುಳಿದವು, ಹಸಿ ಹುಲ್ಲಿನ ವಾಸನೆ ಎದ್ದಿತು. ತಲೆಯ ಕಡೆ ಬಂದಾಗ ಮಾತ್ರ ಅವಳ ಕೈ ನಿಂತಿತು. ಕಸ ಹೊಡೆಯುವಾಗ ಮಂಚದ ಮೇಲಿದ್ದವರಿಗೆ ಹೇಳುತ್ತಿದ್ದ ಹಾಗೆ, “ಸ್ವಲ್ಪ ಸರೀರಿ” ಎಂದು ಬಗ್ಗಿ ಹೇಳಿ, ಮುಂದೆ ದೂಡಿದಳು. ಹೂವುಗಳ ನೆತ್ತಿ ಹಾರಿತು. ಎಲೆಯ ಹಾಸಿಗೆ ಹಾಗೇ ಉಳಿಯಿತು. ಮುಳ್ಳಿನ ಗೋಡೆ ಬಿದ್ದ ಮೇಲೆ ಅವರು ಬಯಲಲ್ಲಿ ಮಲಗಿದ್ದರು.

ಎಲೆಯ ಮೇಲಿನ ತೇವ ಚೆನ್ನಾಗಿ ಆರಿದ ಮೇಲೆ ಜಾನ್ವಿ ಗೊಬ್ಬರವನ್ನು ಬಕೆಟ್ಟಿಗೆ ಸುರಿದಳು.

“ಇದರಾಗ ಯೂರಿಯಾ ಇಲ್ಲಲ್ಲ?”

“ಝೀರೋ. ಪೊಟ್ಯಾಶ್, ಫಾಸ್ಫೇಟ್ ಅಷ್ಟೇ.”

“ಮೆಲ್ಲಕ ಹೇಳು. ಅವರು ಕೇಳಿದ್ರ ಎದ್ದು ಕೂಡ್ತಾರ.”

ಮುಷ್ಟಿ ಮುಷ್ಟಿಯಾಗಿ ಇಬ್ಬರೂ ಹೊಲವೆಲ್ಲ ಎರಚಿದರು. ಆ ಹಸಿರಿನ ಹತ್ತಿರ ಬಂದಾಗ ಕಾಶಿಬಾಯಿಯ ಕೈ ತಡೆಯಿತು. ಅಂದು ಯೂರಿಯಾ ಬೀಳದ ಜಾಗ ಅದು. ಆಮೇಲೆ ಅಲ್ಲಿ ಯಾರೂ ಏನನ್ನೂ ಹಾಕಿರಲಿಲ್ಲ. ಅಕ್ಷತೆ ಹಾಕುವಷ್ಟು ಹಗುರಾಗಿ ಅವಳು ಮುಷ್ಟಿ ಬಿಚ್ಚಿದಳು.

ಸಂಜೆ ರೂಢಿಯ ಮೇಲೆ ಎರಡು ಕಪ್ ಚಹಾ ಆಯಿತು. ಕಾಶಿಬಾಯಿ ಬಾಗಿಲವರೆಗೂ ಹೋದವಳು ನಿಂತಳು. ವಾಪಸು ಬಂದು ಅಡಿಗೆಮನೆಯ ಕಿಟಕಿಯ ಮುಂದೆ ಕುರ್ಚಿ ಎಳೆದುಕೊಂಡಳು. ಎರಡನೆಯ ಕಪ್ಪನ್ನು ಜಾನ್ವಿ ತೆಗೆದುಕೊಂಡಳು.

“ಲೈಟ್ ಆಫ್ ಮಾಡ್ಲಾ?”

“ಮಾಡು. ನಾವು ಅವಕ್ಕ ಕಾಣಬಾರದು.”

ಹೊರಗೆ ಬೆಳಕು ಬೂದಿಯಾಗುತ್ತ ಬಂತು. ಕ್ಲೋವರ್ ಎಲೆಗಳು ಮಡಚಿಕೊಳ್ಳುವ ಹೊತ್ತು. ಆಗ ಕುತ್ತಿಗೆಯ ಮೇಲೆ ಅದೇ ನೋಟ ಬಂದು ನಾಟಿತು. ಈಗ ಬೆನ್ನ ಹಿಂದೆ ಕಾಡು ಇರಲಿಲ್ಲ, ಫ್ರಿಜ್ಜು, ಗೋಡೆ, ಅಷ್ಟೇ.

“ಜಾನ್ವಿ, ನೀ ನನ್ನ ಹಿಂದ ನಿಂತೀ ಏನು?”

“ಇಲ್ಲಮ್ಮಾ,” ಧ್ವನಿ ಕಿಟಕಿಯ ಪಕ್ಕದಿಂದ ಬಂತು, “ನಾನು ಇಲ್ಲೇ ಮುಂದೆ ಇದೀನಿ.”

ಕಾಶಿಬಾಯಿ ತಿರುಗಿ ನೋಡಲಿಲ್ಲ. ಮರಗಳ ಸಂದಿಯಿಂದ ಒಂದು ಹೆಣ್ಣು ಜಿಂಕೆ ಹೊರಬಂತು. ಉರುಳಿದ ಮುಳ್ಳನ್ನು ಮೂಸಿತು, ಕಿವಿ ತಿರುಗಿಸಿ ಮನೆಯ ಕಡೆ ಒಮ್ಮೆ ನೋಡಿತು. ನಂತರ ಕುತ್ತಿಗೆ ಬಗ್ಗಿಸಿ, ಮಡಚಿದ ಮೊಣಕಾಲಿನ ಕಡೆಯಿಂದ ತಿನ್ನಲು ಶುರುಮಾಡಿತು.