ಬಸುರಿಯ ಕೊಡ

"ಮುಚ್ರೋ, ಮೊದ್ಲು ಈ ಗುಂಡಿ ಮುಚ್ರೋ!" ಎನ್ನುತ್ತ ಚಿಕ್ಕಬೈರಪ್ಪ ಮಣ್ಣಿನ ಗುಡ್ಡೆಯನ್ನು ಕಾಲಿನಿಂದಲೇ ಒಳಕ್ಕೆ ತಳ್ಳತೊಡಗಿದ. ನೀರಿನ ಪೈಪು ಬದಲಿಸಲು ಬೀದಿಗೆ ಅಡ್ಡಲಾಗಿ ತೋಡಿದ್ದ ಸೊಂಟದಾಳದ ಗುಂಡಿಯಲ್ಲಿ ನಿಂತಿದ್ದ ಕೂಲಿಯವರ ತಲೆಯ ಮೇಲೆ ಮಣ್ಣು ಉದುರಿತು. ಅವರು ಗುದ್ದಲಿ ಕೆಳಗಿಟ್ಟು ಮೇಸ್ತ್ರಿಯ ಮುಖ ನೋಡಿದರು.

ಚಿಕ್ಕಬೈರಪ್ಪನ ಅಣ್ಣ ತಿಮ್ಮರಾಯಪ್ಪ ಬೆಳಗಿನ ಜಾವ ತೀರಿಕೊಂಡಿದ್ದ. ಹೆಣವನ್ನು ಜಗಲಿಯ ಮೇಲೆ ಮಲಗಿಸಿದ್ದರು. ಪುಟ್ಟೇನಹಳ್ಳಿಯ ನೆಂಟರು ಬಂದಾಗಿತ್ತು, ಜಯನಗರದ ಬಡಾವಣೆಗೆ ಹೋಗಿ ಉಳಿದ ಚೂರು ಹೊಲದಲ್ಲಿ ಕುಣಿಯೂ ತಯಾರಾಗಿತ್ತು. ಚಟ್ಟ ಮಾತ್ರ ಈ ಗುಂಡಿ ದಾಟಬೇಕಿತ್ತು.

"ಊರಲ್ಲಿ ಹೆಣ ಮಡಿಕ್ಕೊಂಡು ಯಾರಾದ್ರೂ ಗುದ್ದಲಿ ಹಿಡೀತಾರೇನಯ್ಯಾ? ತಿಥಿ ಕಳೀಲಿ, ಆಮೇಲೆ ಅಗೀರಿ."

"ಮುಚ್ಚು ಅಂದ್ರೆ ಮುಚ್ತೀವಿ ಯಜಮಾನ್ರೇ," ಎಂದ ಮೇಸ್ತ್ರಿ. "ಆದ್ರೆ ನಾಳೆಯಿಂದ ನಮ್ಮನ್ನ ಬೇರೆ ಕಡೆ ಹಾಕವ್ರೆ. ಹಳೇ ಪೈಪನ್ನೇ ಜೋಡಿಸಿ ಹೋಗ್ಬೇಕಾಯ್ತದೆ. ಮತ್ತೆ ನಮ್ಮ ಗ್ಯಾಂಗು ಈ ಕಡೆ ಯಾವಾಗ ಬತ್ತದೋ, ದೇವ್ರಿಗೇ ಗೊತ್ತು."

"ಜೋಡ್ಸಪ್ಪ. ಆ ಪೈಪಿಗೇನಾಗೈತೆ ದಾಡಿ? ನಮ್ಮಣ್ಣ ನಿಂತು ಹಾಕ್ಸಿದ್ದು. ಇವತ್ತಿನವರ್ಗೂ ಒಂದು ತೊಟ್ಟು ಸೋರಿಲ್ಲ."

ಹೊಸಿಲಲ್ಲಿ ನಿಂತಿದ್ದ ತಿಮ್ಮರಾಯಪ್ಪನ ಸೊಸೆ ಅಂಜನಮ್ಮನಿಗೆ ಈ ಮಾತು ಕೇಳಿಸಿತು. ಆ ಪೈಪಿಗೆ ಏನಾಗಿದೆ ಎನ್ನುವುದು ಇಡೀ ಊರಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಅವರಲ್ಲಿ ಒಬ್ಬ ಜಗಲಿಯ ಮೇಲೆ ಹಣೆಗೆ ಕಾಸು ಅಂಟಿಸಿಕೊಂಡು ಮಲಗಿದ್ದ.

*

ಕೆಲವು ವರ್ಷಗಳ ಹಿಂದೆ ಬಡಾವಣೆಯ ಮೂಲೆಯವರೆಗೆ ನೀರು ಬಂದಿತ್ತು. ಅಲ್ಲಿಂದ ಹಳ್ಳಿಗೆ ಪೈಪು ಎಳೆಯುವುದು ಹಳ್ಳಿಯವರ ಪಾಡು. ಹೊಲ ಕೊಟ್ಟವರು ನಾವು, ನೀರು ಕುಡಿಯುವವರು ಅವರೇ ಎಂದು ತಿಮ್ಮರಾಯಪ್ಪನಿಗೆ ಮೈಯೆಲ್ಲ ಉರಿ. ಬಿಳಿಯರ ದಂಡಿದ್ದ ಕಡೆ ಯಾವುದೋ ಹಳೆಯ ಬಂಗಲೆ ಕೆಡವುತ್ತಿದ್ದಾರೆಂದು ಕೇಳಿ ಗಾಡಿ ಕಟ್ಟಿಕೊಂಡು ಹೋಗಿ, ಸುರುಳಿ ಸುತ್ತಿದ ಸೀಸದ ಪೈಪು ಹೇರಿಕೊಂಡು ಬಂದ. "ತುಕ್ಕು ಹಿಡಿಯಲ್ಲ, ಹೇಳ್ದಂಗೆ ಬಗ್ತದೆ, ನಮ್ಮೂರ ಗಂಡಸರಿಗಿಂತ ವಾಸಿ," ಎಂದು ಹೆಂಗಸರನ್ನೆಲ್ಲ ನಗಿಸಿದ. ಅರಳಿಕಟ್ಟೆಯ ಪಕ್ಕ ನಲ್ಲಿ ನಿಂತ ದಿನ ಅವನ ಕಾಲು ನೆಲದ ಮೇಲಿರಲಿಲ್ಲ.

ನಲ್ಲಿಯ ಮುಂದೆ ಜಗಳ ಶುರುವಾದಾಗ ಕಟ್ಟಳೆ ಮಾಡಿದವನೂ ಅವನೇ. ಬೆಳಗ್ಗೆ ನಲ್ಲಿ ತಿರುಗಿಸಿದ ಕೂಡಲೇ ಬರುವ ನೀರು ಯಾರೂ ಮುಟ್ಟದ್ದು, ಮಡಿಯಾದದ್ದು, ಅದು ಬಸುರಿಗೆ ಸೇರಬೇಕು. ಎಷ್ಟೇ ಉದ್ದ ಸಾಲಿದ್ದರೂ ಬಸುರಿಯ ಕೊಡ ಮುಂದೆ. ಊರೆಲ್ಲ ಮೆಚ್ಚಿತು. ಅಂಜನಮ್ಮನಿಗೆ ಆ ಕೊಡವನ್ನು ಮಾವನೇ ಹೊತ್ತು ತಂದು ಕೊಡುತ್ತಿದ್ದ.

ಅವಳ ಮೊದಲನೆಯದು ಹೊಟ್ಟೆಯಲ್ಲೇ ಹೋಯಿತು. ಎರಡನೆಯದು ಹುಟ್ಟಿ ಅಳಲಿಲ್ಲ. ಓಣಿಯಲ್ಲಿ ಇನ್ನೂ ಕೆಲವರಿಗೆ ಹಾಗೇ ಆಯಿತು. ಮಾರಿಗೆ ಕೋಳಿ ಕೊಯ್ದರು, ತಾಯಿತ ಕಟ್ಟಿದರು. ಕೊನೆಗೆ ಹೊಟ್ಟೆನೋವು ತಾಳಲಾರದ ಸೊಸೆಯನ್ನು ತಿಮ್ಮರಾಯಪ್ಪ ಪೇಟೆಯ ಆಸ್ಪತ್ರೆಗೆ ಕರೆದೊಯ್ದ. ಡಾಕ್ಟರಮ್ಮ ತುಟಿ ಮಗುಚಿ ಒಸಡಿನ ಮೇಲಿನ ನೀಲಿ ಗೆರೆ ನೋಡಿದಳು. ನೀರು ಎಲ್ಲಿಯದು, ಪೈಪು ಯಾವುದು ಎಂದು ಒಂದೊಂದೇ ಕೇಳಿದಳು.

"ಸೀಸ ವಿಷ, ನೀರಲ್ಲಿ ಕರಗುತ್ತೆ. ರಾತ್ರಿಯೆಲ್ಲ ಪೈಪಲ್ಲಿ ನಿಂತಿರೋ ನೀರಿದೆಯಲ್ಲ, ಬೆಳಗ್ಗೆ ಮೊದಲು ಬರೋದು, ಅದು ಎಲ್ಲಕ್ಕಿಂತ ಕೆಟ್ಟದ್ದು. ಬಸುರಿಯರು ಮುಟ್ಟಲೇಬಾರದು."

ದಾರಿಯಲ್ಲಿ ತಿಮ್ಮರಾಯಪ್ಪ ಲಾಲ್‌ಬಾಗಿನ ಗೋಡೆಯ ಹತ್ತಿರ ಧೊಪ್ಪನೆ ಕುಳಿತು, ಸೊಸೆಯೆದುರು ಎರಡೂ ಕೈ ಜೋಡಿಸಿದ.

"ಊರಿಗೆ ಹೇಳ್ಬೇಡ ಕಣಮ್ಮ. ಪೈಪು ನಾನೇ ತೆಗೆಸ್ತೀನಿ. ನನ್ನ ಹೆಣ ಬಿದ್ರೂ ಹೇಳ್ಬೇಡ."

ಅವಳು ಆಗಲೆಂದಳು. ಅವನ ಮುಖಕ್ಕೆ ಉಗಿಯಬೇಕೆನಿಸಿತ್ತು, ಕಣ್ಣೊರೆಸಬೇಕೆಂದೂ ಅನಿಸಿತ್ತು.

ಆಮೇಲೆ ಅವನು ಕಬ್ಬಿಣದ ಪೈಪಿಗಾಗಿ ಆಫೀಸಿನಿಂದ ಆಫೀಸಿಗೆ ಚಪ್ಪಲಿ ಸವೆಸಿದ. ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ನಲ್ಲಿ ತಿರುಗಿಸಿ, ಕೊಡದ ಮೇಲೆ ಕೊಡ ಹಿಡಿದು ಅರಳಿಮರದ ಬುಡಕ್ಕೆ ಸುರಿಯುತ್ತಿದ್ದ. ಮುದುಕನಿಗೆ ಭಕ್ತಿ ಜಾಸ್ತಿಯಾಗಿದೆ ಎಂದು ಊರು ನಕ್ಕಿತು. ಮೊನ್ನೆ ಕೊನೆಗೂ ಗ್ಯಾಂಗು ಬಂದಾಗ, ಜ್ವರದಲ್ಲೇ ಗುಂಡಿಗಿಳಿದು ಗುದ್ದಲಿ ಹಿಡಿದವನು ಹಾಸಿಗೆ ಹಿಡಿದು ಮತ್ತೆ ಮೇಲೇಳಲಿಲ್ಲ.

*

ಹೆಣದ ಕಾಲ ಬಳಿ ಪಕ್ಕದ ಮನೆಯ ಗೌರಮ್ಮ ಎದೆ ಬಡಿದುಕೊಂಡು ಅಳುತ್ತಿದ್ದಳು. ಹೋದ ವರ್ಷ ಹಸುಗೂಸನ್ನು ಮಣ್ಣು ಮಾಡಿದ್ದ ಅವಳಿಗೆ ಈಗ ಮತ್ತೆ ಏಳು ತಿಂಗಳು. ಬಸುರಿ ಹೆಣದ ಮುಂದೆ ಕೂರಬಾರದೆಂದು ಯಾರು ಹೇಳಿದರೂ ಕೇಳಿರಲಿಲ್ಲ.

"ಹೆತ್ತಪ್ಪನೂ ಕೊಡದ ನೀರು ಕೊಟ್ಟ್ಯಲ್ಲೋ ನನ್ನಪ್ಪಾ! ನೀನು ಮರಕ್ಕೆ ಸುರಿಯೋಕ್ಮುಂಚೆ ನಾನೇ ಕದ್ದು ಒಂದು ಕೊಡ ಹಿಡ್ಕೊಂತಿದ್ನಲ್ಲೋ! ಈ ಕೂಸಾದ್ರೂ ಉಳೀಲಿ ಅಂತ ದಿನಾ ಕುಡಿದ್ನಲ್ಲೋ!"

ಅಂಜನಮ್ಮ ಗುಂಡಿಯ ಕಡೆ ತಿರುಗಿದಳು. ಅತ್ತ ಚಿಕ್ಕಬೈರಪ್ಪನ ಕಡೆಯವರು ಸಲಿಕೆ ಹಿಡಿದಾಗಿತ್ತು. ಮೇಸ್ತ್ರಿ ಸೀಸದ ಪೈಪಿನ ತುದಿಯನ್ನು ಎಳೆದು ನೆಟ್ಟಗೆ ಮಾಡುತ್ತಿದ್ದ.

"ಚಿಕ್ಕಮಾವ, ಗುಂಡಿ ಮುಚ್ಚಬ್ಯಾಡಿ," ಎಂದಳು.

"ನೀನು ಒಳಿಕ್ಕೆ ಹೋಗಮ್ಮ. ಇದು ಗಂಡಸರ ಇಚಾರ."

"ಆ ಪೈಪು ಸೀಸದ್ದು. ಅದರ ನೀರು ಇಷ." ಮಾತು ಒಮ್ಮೆ ಹೊರಬಿದ್ದ ಮೇಲೆ ಅವಳಿಗೆ ನಿಲ್ಲಿಸಲಾಗಲಿಲ್ಲ. "ಮೊದಲ್ನೇ ಕೊಡವೇ ಎಲ್ಲಕ್ಕಿಂತ ಕೆಟ್ಟದ್ದಂತೆ. ಆಸ್ಪತ್ರೇಲಿ ಡಾಕ್ಟ್ರಮ್ಮ ಹೇಳವ್ಳೆ. ನಾನು ಅದನ್ನ ಕುಡಿದೇ ನನ್ನ ಎರಡೂ ಕೂಸು ಹೋದವು. ಮಾವಂಗೂ ಗೊತ್ತಿತ್ತು."

"ಬಾಯ್ಮುಚ್ಚೇ!" ಎಂದು ಅವಳ ಗಂಡ ವೆಂಕಟಾಚಲ ಚಟ್ಟ ಕಟ್ಟುತ್ತಿದ್ದ ಹಗ್ಗ ಬಿಸಾಡಿ ಎದ್ದ. "ಹೆಣದ ಮುಂದೆ ನಿಂತು ಏನು ಮಾತಾಡ್ತಿದ್ದೀ?"

"ನಿಮ್ಮಪ್ಪ ಮರಕ್ಕೆ ಯಾಕೆ ನೀರು ಸುರೀತಿದ್ರು, ಯೋಚ್ನೆ ಮಾಡಿ."

ಅವನು ಎತ್ತಿದ ಕೈ ಹಾಗೇ ಕೆಳಗಿಳಿಯಿತು. ಸಲಿಕೆಗಳು ನಿಂತವು. ಗೌರಮ್ಮನ ಅಳು ಯಾವಾಗಲೋ ನಿಂತುಹೋಗಿತ್ತು.

"ನಂದು?" ಎಂದಳು ಅವಳು. "ಅಕ್ಕಾ, ನನ್ ಕೂಸೂ ಅದ್ರಿಂದ್ಲೇನಾ?"

ಅಂಜನಮ್ಮ ತಲೆ ತಗ್ಗಿಸಿದಳು. ಗೌರಮ್ಮ ಹೆಣದ ಪಾದದ ಮೇಲಿದ್ದ ತನ್ನ ಕೈಯನ್ನು ತೆಗೆದುಕೊಂಡು, ನೆಲಕ್ಕೆ ಊರಿ, ಎದ್ದು ಬೀದಿಗಿಳಿದಳು.

ಚಟ್ಟಕ್ಕೆ ಹೆಗಲು ಕೊಡಲು ಬೆಳಗ್ಗೆ ನಾ ಮುಂದು ತಾ ಮುಂದು ಎಂದವರು ಈಗ ಹೆಂಡಿರ ಮುಖ ನೋಡುತ್ತ ನಿಂತರು. ವೆಂಕಟಾಚಲ, ಚಿಕ್ಕಬೈರಪ್ಪ, ಪುಟ್ಟೇನಹಳ್ಳಿಯ ಇಬ್ಬರು ನೆಂಟರು ಸೇರಿ ಎತ್ತಿದರು. ಗುಂಡಿಯ ಅಂಚಿಗೆ ಬಂದು ಅವರ ಕಾಲು ತಡೆಯಿತು. ಮಣ್ಣು ಸಡಿಲ, ಹೊರೆ ಹೊತ್ತು ದಾಟುವಂತಿರಲಿಲ್ಲ. ಆಗ ಗುಂಡಿಯೊಳಗಿಂದ ಮೇಸ್ತ್ರಿ ಯಾರನ್ನೂ ಕೇಳದೆ ಚಟ್ಟಕ್ಕೆ ಕೈ ಮೇಲೆತ್ತಿದ. ಯಾವ ಊರಿನವರೋ, ಯಾವ ಜಾತಿಯವರೋ, ಕೂಲಿಯವರೂ ಎತ್ತಿದರು. ಬೇರೆ ದಿನವಾಗಿದ್ದರೆ ಚಿಕ್ಕಬೈರಪ್ಪ ಮುಟ್ಟಿಸಿಕೊಳ್ಳುತ್ತಿರಲಿಲ್ಲ. ಇಂದು ಸುಮ್ಮನೆ ಚಟ್ಟವನ್ನು ಅವರ ಅಂಗೈಗಳ ಮೇಲೆ ಸರಿಸಿದ.

ಗೌರಮ್ಮ ಗುಡ್ಡೆಯಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡದ್ದು ಆಗ. ಮಣ್ಣು ತೂರಿ ಶಾಪ ಹಾಕಿದರೆ ಸತ್ತವನಿಗೂ ಬಿಡುಗಡೆಯಿಲ್ಲವೆಂದು ನಂಬಿದ ಊರು ಅದು. ವೆಂಕಟಾಚಲ, "ಗೌರಮ್ಮ, ಬ್ಯಾಡ..." ಎಂದ. ಅವಳಿಗೆ ಕೇಳಿಸಿತೋ ಇಲ್ಲವೋ. ಕೈಗಳ ಮೇಲೆ ನಿಧಾನವಾಗಿ ಸಾಗುತ್ತಿದ್ದ ಆ ಮುಖವನ್ನೇ ನೋಡುತ್ತ ಮುಷ್ಟಿಯನ್ನು ಭುಜದವರೆಗೆ ಎತ್ತಿದಳು.

ಚಟ್ಟ ಆಚೆ ದಡ ಸೇರಿತು, ಹೆಗಲೇರಿತು, ಅರಳಿಕಟ್ಟೆಯ ತಿರುವಿನಲ್ಲಿ ಮರೆಯಾಯಿತು. ಕೂಲಿಯವರು ಕೈಯ ಧೂಳು ಕೊಡವಿ ಗುದ್ದಲಿ ಎತ್ತಿಕೊಂಡರು. ಅಂಜನಮ್ಮ ಹೊಸಿಲಲ್ಲೇ ನಿಂತು ನೋಡುತ್ತಿದ್ದಳು. ಕೆಳಗೆ ಸೀಸದ ಪೈಪು ಕೀಳಲು ಗುದ್ದಲಿಯ ಏಟಿನ ಮೇಲೆ ಏಟು ಬೀಳುತ್ತಿತ್ತು, ಮೇಲೆ ಗೌರಮ್ಮನ ಕೈ ಇನ್ನೂ ಇಳಿದಿರಲಿಲ್ಲ, ಮುಷ್ಟಿಯೂ ಬಿಚ್ಚಿರಲಿಲ್ಲ.