ನಾಲ್ಕು ಗಂಟೆಗೆ ತೆರೆಯಬೇಕಾದ ಬಾಗಿಲು

ಭಟ್ಟಿಯ ಮೀಟರು ಇನ್ನೂ ಮುನ್ನೂರು ಡಿಗ್ರಿ ತೋರಿಸುತ್ತಿತ್ತು. ಅದು ನೂರಕ್ಕಿಂತ ಕೆಳಗಿಳಿಯದೆ ಬಾಗಿಲು ತೆಗೆಯಬಾರದು. ತಣ್ಣನೆ ಗಾಳಿ ತಾಗಿದರೆ ಕಾದ ಮಣ್ಣು ಬಿರಿಯುತ್ತದೆ. ನಲವತ್ತು ವರ್ಷ ಮಡಕೆ ಮಾಡಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ನನ್ನ ಅಕ್ಕನ ಮಗಳು ಗುಬ್ಬಿ, ಭಾನುವಾರ ನಾಲ್ಕಕ್ಕೆ ಬಾಗಿಲು ತೆರೆಯುತ್ತೇವೆ ಎಂದು ಊರಿಗೆಲ್ಲ ಸಾರಿಬಿಟ್ಟಿದ್ದಳು. ಊರು ಅಂದರೆ ಫೋನಿನೊಳಗಿನ ಊರು.

ಒಳಗಿದ್ದದ್ದು ಒಂದೇ ಒಂದು ಗುಡಾಣ. ಅಕ್ಕ ತೀರಿಕೊಳ್ಳುವ ಹದಿನೈದು ದಿನ ಮೊದಲು ತಿಗರಿಯ ಮೇಲೆ ಎತ್ತಿದ್ದು. ಒಳಗೆ, ತಳದಲ್ಲಿ, ಅವಳ ಹೆಬ್ಬೆರಳಿನ ಗುರುತಿತ್ತು. ಎರಡು ವರ್ಷ ಅದನ್ನು ಸುಡುವ ಧೈರ್ಯ ನನಗಾಗಿರಲಿಲ್ಲ. ಅಮ್ಮನ ಕೈಕೆಲಸ ನಾಲ್ಕು ಜನ ನೋಡಲಿ ಎಂದು ಗುಬ್ಬಿ ಹಟ ಹಿಡಿದಳು. ನಾನು ಹೊಳಪಿನ ಲೇಪ ಹಚ್ಚಿ ಒಳಗಿಟ್ಟೆ. ಲೋಟ, ತಟ್ಟೆಗಳಾದರೆ ಒಂದೇ ದಿನಕ್ಕೆ ತಣಿಯುತ್ತವೆ. ಅದೇ ಲೆಕ್ಕದಲ್ಲಿ ಅವಳು ಹೊತ್ತು ಗೊತ್ತುಮಾಡಿದ್ದಳು. ಇಷ್ಟು ದಪ್ಪದ್ದಕ್ಕೆ ಎಷ್ಟು ದಿನ ಬೇಕೆಂದು ಅವಳೂ ಕೇಳಲಿಲ್ಲ, ಎರಡು ದಿನ ಬೇಕೆಂದು ನಾನೂ ಹೇಳಲಿಲ್ಲ.

ಆ ಫೋನಿಗೆ ನಾನು ಶಾಪ ಹಾಕದ ದಿನವಿಲ್ಲ. ಆದರೂ ಬೆಳಗೆದ್ದು, ನಿನ್ನೆಯ ವಿಡಿಯೊ ಎಷ್ಟು ಜನ ನೋಡಿದರು ಎಂದು ಮೊದಲು ಕೇಳುವವಳು ನಾನೇ. ಈಗೀಗ ನಾನು ಮಾಡುವುದೆಲ್ಲ ಉದ್ದ ಕುತ್ತಿಗೆಯ ಹೂದಾನಿಗಳು, ಯಾಕೆಂದರೆ ಅವು ಫೋನಿನ ಪರದೆಯ ಉದ್ದಕ್ಕೆ ಸರಿಯಾಗಿ ಕೂರುತ್ತವೆ. ಅಗಲ ಬಾಯಿಯ ಪಾತ್ರೆ ಮಾಡಿ ವರ್ಷವಾಯಿತು.

ನಾಲ್ಕು ಹೊಡೆಯಿತು. ಫೋನಿನ ನೇರಪ್ರಸಾರದಲ್ಲಿ ನಲವತ್ತು ಸಾವಿರ ಜನ ಕಾಯುತ್ತಿದ್ದರು. ಬಾಗಿಲು ತೆಗೆಯಲಾಗದು, ನಾಳೆ ಬನ್ನಿ ಎಂದು ಕ್ಯಾಮೆರಾಕ್ಕೆ ಹೇಳಿದೆ. ಗುಬ್ಬಿಯ ಮುಖ ಸಣ್ಣದಾಯಿತು, ಆದರೆ ಮೀಟರು ನೋಡಿ ಸುಮ್ಮನಾದಳು.

ಜನ ಸುಮ್ಮನಾಗಲಿಲ್ಲ. ಸಂಖ್ಯೆ ಇಳಿಯತೊಡಗಿತು. ಮೂವತ್ತೈದು, ಮೂವತ್ತು. ಬೆಳಗಿನವರೆಗೂ ನನ್ನ ಕೈಗಳನ್ನು ಹೊಗಳಿದವರೇ ಈಗ ಹಲ್ಲು ಕಿರಿಯುವ ಮುಖಗಳನ್ನು ಕಳಿಸುತ್ತಿದ್ದರು. ಅಜ್ಜಿಗೆ ನಡುಕ ಬಂತು ಎಂದ ಒಬ್ಬ. ಇನ್ನೊಬ್ಬ, ಇವರದೆಲ್ಲ ಅಂಗಡಿಯಿಂದ ತಂದ ಪಾತ್ರೆ, ಭಟ್ಟಿ ಖಾಲಿ ಇದೆ ಎಂದು ಬರೆದ. ಅದರ ಕೆಳಗೆ ಹೌದು ಹೌದು ಎಂದು ಸಾಲುಗಟ್ಟಿ ನಿಂತರು. ನನಗೆ ಮೈಯೆಲ್ಲ ಉರಿದುಹೋಯಿತು.

ಕೈಗವಸು ಹಾಕಿಕೊಂಡೆ. ಗುಬ್ಬಿ ಫೋನನ್ನು ಸ್ಟೂಲಿನ ಮೇಲಿಟ್ಟು ನನಗೆ ಅಡ್ಡ ಬಂದಳು.

"ಬೇಡ ಚಿಕ್ಕಮ್ಮ. ಅವರು ಏನಾದ್ರೂ ಅಂದ್ಕೊಳ್ಳಲಿ. ಅದು ಅಮ್ಮಂದು."

"ಒಂದೇ ಒಂದು ಬೆರಳಷ್ಟು ತೆಗೀತೀನಿ. ಒಳಗೆ ಇದೆ ಅಂತ ಕಂಡ್ರೆ ಸಾಕು."

ಅವಳು ನನ್ನ ತೋಳು ಹಿಡಿದಳು. ನಾನು ಕೊಡವಿಕೊಂಡು ಅಗುಳಿ ಎಳೆದೆ.

ಬಿಸಿಗಾಳಿ ಮುಖಕ್ಕೆ ಬಡಿಯಿತು. ಒಳಗೆ ಗುಡಾಣ, ಅಕ್ಕ ಬಯಸಿದ್ದ ಅದೇ ಗಾಢ ನೀಲಿ. ಒಂದು ಕ್ಷಣ ಏನೂ ಆಗಲಿಲ್ಲ. ನೋಡಿದೆಯಾ ಎಂದು ಗುಬ್ಬಿಗೆ ಹೇಳಲು ಬಾಯಿ ತೆರೆದೆ. ಆಗ ಸಣ್ಣಗೆ ಟಿಣ್ ಎಂದಿತು. ಮತ್ತೊಂದು. ಆಮೇಲೆ ಒಂದರ ಬೆನ್ನಿಗೊಂದು, ಹೊಳಪು ಬಿರುಕುಬಿಡುತ್ತ ಇಡೀ ಗುಡಾಣ ಸದ್ದು ಮಾಡತೊಡಗಿತು. ಬಾಗಿಲು ಮುಚ್ಚಿದೆ. ಮುಚ್ಚಿದ ಮೇಲೆ ಒಳಗೆ ದಪ್ಪನೆಯ ಒಂದು ಸದ್ದಾಯಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಅಕ್ಕ ಹೇಳುತ್ತಿದ್ದಳು. ದೊಣ್ಣೆ ಹಿಡಿಯುವವರು ಹೊರಗಿನಿಂದ ಬರುತ್ತಾರೆ ಎಂದೇ ನಾನು ತಿಳಿದಿದ್ದೆ.

ಸ್ಟೂಲಿನ ಮೇಲೆ ಫೋನು ಇನ್ನೂ ನಡೆಯುತ್ತಿತ್ತು. ನನ್ನ ಕಣ್ಣು ಹೋದದ್ದು ಅಲ್ಲಿಗೆ, ಗುಬ್ಬಿಯ ಕಡೆಗಲ್ಲ. ಪರದೆಯ ತುಂಬ ಕೆಂಪು ಹೃದಯಗಳು. ಎಂಥ ಸಂಗೀತ, ಇನ್ನೊಮ್ಮೆ ಕೇಳಿಸಿ ಎಂದು ಬರೆಯುತ್ತಿದ್ದರು.

ನಾನು ನೋಡಿದ್ದನ್ನು ಗುಬ್ಬಿ ನೋಡಿದಳು. ಫೋನೆತ್ತಿಕೊಂಡು ನಿಧಾನವಾಗಿ ಓದಿ ಹೇಳಿದಳು.

"ತೊಂಬತ್ತು ಸಾವಿರ ಆಗಿದೆ. ಸಾಕಾ ಚಿಕ್ಕಮ್ಮ?"

ಫೋನು ಆರಿಸಿ ಮೇಜಿನ ಮೇಲಿಟ್ಟಳು. ಹೆಬ್ಬೆರಳಿನ ಗುರುತಿದ್ದ ತುಂಡು ಉಳಿದಿದೆಯೇ ಎಂದು ನೋಡಬೇಕಿತ್ತು, ಆದರೆ ಕೈ ಹಾಕುವಂತಿರಲಿಲ್ಲ. ಮೀಟರು ನೂರಕ್ಕೆ ಇಳಿಯಲಿ ಎಂದು ಅವಳು ಭಟ್ಟಿಯ ಮುಂದೆ ನೆಲದ ಮೇಲೆ ಕುಳಿತಳು. ಪಕ್ಕದಲ್ಲಿ ಕೂರಲು ನನಗೆ ಧೈರ್ಯ ಬರಲಿಲ್ಲ. ನಿಂತೇ ಕಾದೆ.